ಬಲಗಡೆಯಿಂದ ಬರುವ ಕಾರು

ಜರ್ಮನಿಯ ಸ್ಟುಟ್‌ಗಾರ್ಟ್ ಕಡೆ ಕೆಲಸ ಸಿಕ್ಕಿ ಬರುವ ನಮ್ಮವರು ಫೋನ್ ಮಾಡಿದಾಗ ಮೊದಲು ಕೇಳೋದು ಒಂದೇ ಪ್ರಶ್ನೆ. "ಅಕ್ಕಾ, ರಸ್ತೆಯ ಬಲಗಡೆ ಓಡಿಸೋದು ತುಂಬಾ ಕಷ್ಟನಾ?" ಕಷ್ಟ ಇಲ್ಲ ಅಂತಲೇ ಹೇಳುತ್ತೇನೆ. ಗೇರ್ ಹುಡುಕಿಕೊಂಡು ಹೋದ ಎಡಗೈ ಸ್ವಲ್ಪ ದಿನ ಬಾಗಿಲಿಗೆ ತಾಗುತ್ತೆ, ಇಂಡಿಕೇಟರ್ ಹಾಕಲು ಹೋದರೆ ವೈಪರ್ ಓಡುತ್ತೆ. ಆಮೇಲೆ ತಾನಾಗಿಯೇ ಸರಿಹೋಗುತ್ತೆ. ನಾನು ಶಿವಮೊಗ್ಗದವಳು, ಮಳೆಗಾಲದಲ್ಲೂ ಆಗುಂಬೆ ಘಾಟಿ ಇಳಿದು ಅಭ್ಯಾಸ ಇರುವವಳು. ಸ್ಟುಟ್‌ಗಾರ್ಟ್ ಪಕ್ಕದ ಜಿಂಡೆಲ್ಫಿಂಗನ್‌ಗೆ ಬಂದ ಮೇಲೆ ನಮಗೂ ನಮ್ಮ ಪರಿಚಯದವರಿಗೂ ಪೆಟ್ಟು ಬಿದ್ದದ್ದು ಬೇರೆ ಕಡೆಯಿಂದ. ಊರಲ್ಲಿ ನಾವು ಕಣ್ಣಲ್ಲಿ, ಕೈಯಲ್ಲಿ, ಹಾರ್ನಲ್ಲಿ ಒಬ್ಬರಿಗೊಬ್ಬರು ಮಾತಾಡಿಕೊಂಡು ಗಾಡಿ ಓಡಿಸುತ್ತೇವೆ. ಇಲ್ಲಿ ಯಾರು ಮೊದಲು ಹೋಗಬೇಕು ಅನ್ನೋದು ಮೊದಲೇ ತೀರ್ಮಾನ ಆಗಿರುತ್ತೆ. ಎದುರಿನವರಿಗೂ ಅದು ಗೊತ್ತಿದೆ ಅಂತ ನಂಬಿಕೊಂಡೇ ಎಲ್ಲರೂ ಓಡಿಸುತ್ತಾರೆ.

ಮನೆಗಳಿರುವ ಬಡಾವಣೆಗಳಲ್ಲಿ ಇದು ಚೆನ್ನಾಗಿ ಕಾಣುತ್ತೆ. ವೇಗದ ಮಿತಿ ಗಂಟೆಗೆ 30 ಕಿ.ಮೀ. ರಸ್ತೆಗಳು ಕೂಡುವ ಕಡೆ ಸಿಗ್ನಲ್ ಇಲ್ಲ, ಬೋರ್ಡ್ ಇಲ್ಲ, ನೆಲದ ಮೇಲೆ ಗೆರೆ ಕೂಡ ಇಲ್ಲ. ಅಂಥ ಕಡೆ ನಿಯಮ ಒಂದೇ: ಬಲಗಡೆಯಿಂದ ಬರುವವರಿಗೆ ದಾರಿ. ನೀವು ಅಗಲವಾದ ರಸ್ತೆಯಲ್ಲಿ ನೇರವಾಗಿ ಹೋಗುತ್ತಿರಿ, ಅವರು ಎರಡು ಕಾರು ಹಿಡಿಸದ ಸಂದಿಯಿಂದ ಬರಲಿ, ನಿಲ್ಲಬೇಕಾದವರು ನೀವೇ. ಸೈಕಲ್ ಬಂದರೂ ಅಷ್ಟೇ. ಯಾರದೋ ಮನೆಯ ಅಂಗಳದಿಂದ ಅಥವಾ ತಗ್ಗಿಸಿದ ಫುಟ್‌ಪಾತ್ ಅಂಚು ದಾಟಿಕೊಂಡು ಬರುವವರಿಗೆ ಮಾತ್ರ ಈ ಹಕ್ಕಿಲ್ಲ. ನಮ್ಮ ಬೀದಿಯ ಮೂಲೆಯಲ್ಲಿ ಹಾಗೆ ಬಲದಿಂದ ಬರುವ ಒಬ್ಬ ಹಿರಿಯರಿದ್ದಾರೆ. ಟೋಪಿ ಹಾಕಿಕೊಂಡು ಎರಡೂ ಕೈ ಸ್ಟೀರಿಂಗ್ ಮೇಲಿಟ್ಟು ಬರುತ್ತಾರೆ, ಎಡಕ್ಕೆ ಕತ್ತು ತಿರುಗಿಸಿದ್ದನ್ನು ನಾನು ನೋಡೇ ಇಲ್ಲ. ಅದು ಜಂಬ ಅಂತ ಮೊದಲು ಅನ್ನಿಸಿತ್ತು. ಎಡಗಡೆಯವರು ನಿಂತೇ ನಿಲ್ಲುತ್ತಾರೆ ಅನ್ನೋ ಭರವಸೆಯ ಮೇಲೆ ಅವರು ಜೀವಮಾನವಿಡೀ ಓಡಿಸಿದ್ದಾರೆ, ಅಷ್ಟೇ.

ಈ ಭರವಸೆ ನಮ್ಮಲ್ಲಿ ಇನ್ನೂ ಬೇರೂರಿರಲಿಲ್ಲ. ಒಂದು ನವೆಂಬರ್ ಸಂಜೆ, ಐದು ಗಂಟೆಗೇ ಕತ್ತಲು, ಮಗಳನ್ನು ಕಿಂಡರ್‌ಗಾರ್ಟನ್‌ನಿಂದ ಕರೆದುಕೊಂಡು ಬರುತ್ತಿದ್ದೆವು. ನಮ್ಮನೆಯವರು ಓಡಿಸುತ್ತಿದ್ದರು. ಕೂಡುರಸ್ತೆಗೆ ನಾವು ಬಲದಿಂದ ಬಂದೆವು, ಎಡಗಡೆಯ ಕಾರು ನಿಯಮದಂತೆ ನಿಂತಿತು. ಅದು ನಿಂತದ್ದನ್ನು ನೋಡಿ ಇವರೂ ಬ್ರೇಕ್ ಹಾಕಿ, ಮುಂದೆ ಹೋಗಿ ಅಂತ ಅವರಿಗೆ ಕೈ ತೋರಿಸಿದರು. ಶಿವಮೊಗ್ಗದ ಗೋಪಿ ಸರ್ಕಲ್‌ನಲ್ಲಿ ದಿನಾ ಮಾಡುತ್ತಿದ್ದದ್ದು. ಹಿಂದಿದ್ದ ಕಾರು ಬಂದು ಗುದ್ದಿತು.

ಶಬ್ದ ದೊಡ್ಡದಾಗಿತ್ತು, ಪೆಟ್ಟು ಸಣ್ಣದು. ಮಗಳು ಅವಳ ಸೀಟಿನ ಬೆಲ್ಟಿನಲ್ಲಿ ಬಿಗಿಯಾಗಿದ್ದಳು, ಕೈಯಲ್ಲಿದ್ದ ಬ್ರೆಟ್ಸೆಲ್ ಬ್ರೆಡ್ ಕೂಡ ಬಿದ್ದಿರಲಿಲ್ಲ. ನನ್ನ ಕೈಕಾಲು ಮಾತ್ರ ಎಷ್ಟೋ ಹೊತ್ತು ನಡುಗುತ್ತಿದ್ದವು. ಹಿಂದಿನ ಕಾರಿನಿಂದ ಇಳಿದ ಹುಡುಗಿ ಅಳುತ್ತಲೇ ಕೇಳಿದ್ದು ಒಂದೇ ಮಾತು: "ದಾರಿ ನಿಮ್ಮದೇ ಇತ್ತಲ್ಲ, ಯಾಕೆ ನಿಂತಿರಿ?" ಹಿಂದಿನಿಂದ ಗುದ್ದಿದರೆ ಸಾಮಾನ್ಯವಾಗಿ ಹಿಂದಿನವರದೇ ಹೊಣೆ, ಅಂತರ ಇಟ್ಟಿರಬೇಕಿತ್ತು ಅಂತ. ಆದರೆ ಗಟ್ಟಿ ಕಾರಣ ಇಲ್ಲದೆ ಜೋರಾಗಿ ಬ್ರೇಕ್ ಹಾಕಬಾರದು ಅಂತಲೂ ಇಲ್ಲಿನ ಕಾನೂನಿನಲ್ಲಿದೆ. ಎರಡೂ ಕಡೆಯ ಇನ್ಶೂರೆನ್ಸ್‌ನವರು ತಿಂಗಳುಗಟ್ಟಲೆ ಪತ್ರ ಬರೆದುಕೊಂಡರು, ಕೊನೆಗೆ ಖರ್ಚಿನ ಒಂದು ಭಾಗ ನಮ್ಮ ತಲೆಗೂ ಬಂತು. ದುಡ್ಡಿನ ವಿಷಯ ಬಿಡಿ. ಆ ಹುಡುಗಿಯ ಪ್ರಶ್ನೆ ನ್ಯಾಯವಾಗಿತ್ತು. ನಿಮ್ಮ ಸರದಿ ಬಂದಾಗ ಹೋಗಿಬಿಡೋದೇ ಇಲ್ಲಿ ಬೇರೆಯವರಿಗೆ ಮಾಡುವ ಉಪಕಾರ.

ಇದಕ್ಕಿಂತ ನನ್ನನ್ನು ಕಾಡಿದ್ದು ಪಕ್ಕದ ಊರು ಬ್ಯೋಬ್ಲಿಂಗನ್‌ನಲ್ಲಿರುವ ದಾವಣಗೆರೆಯ ಹುಡುಗನೊಬ್ಬನ ಕಥೆ. ಕಿರಿದಾದ ರಸ್ತೆಯಲ್ಲಿ ಹೋಗುವಾಗ ಅವನ ಕಾರಿನ ಕನ್ನಡಿ ಪಕ್ಕದಲ್ಲಿ ನಿಲ್ಲಿಸಿದ್ದ ಕಾರಿನ ಕನ್ನಡಿಗೆ ತಾಗಿ ಬಿರುಕು ಬಿಟ್ಟಿತು. ಅವನು ಇಳಿದು ನೋಡಿದ. ಆ ಕಾರಿನವರು ಯಾರೂ ಕಾಣಲಿಲ್ಲ. ಹತ್ತು ನಿಮಿಷ ಕಾದು, ಕಾಗದದಲ್ಲಿ ಹೆಸರು, ಫೋನ್ ನಂಬರ್, "ಕ್ಷಮಿಸಿ, ದುಡ್ಡು ಕೊಡುತ್ತೇನೆ" ಅಂತ ಬರೆದು ವೈಪರ್ ಕೆಳಗೆ ಸಿಕ್ಕಿಸಿ ಮನೆಗೆ ಹೋದ. ಊರಲ್ಲಿ ಯಾರಾದರೂ ಇಷ್ಟು ಮಾಡಿದರೆ ಎಂಥ ಸಜ್ಜನ ಅಂತ ಹೊಗಳುತ್ತೇವೆ. ಸಂಜೆ ಇಬ್ಬರು ಪೊಲೀಸರು ಬಾಗಿಲಿಗೆ ಬಂದರು. ಎದುರು ಮನೆಯ ಮೊದಲ ಮಹಡಿಯಿಂದ ಯಾರೋ ನಂಬರ್ ಪ್ಲೇಟ್ ಬರೆದುಕೊಂಡಿದ್ದರು. ಅವನ ಚೀಟಿ ಮಳೆಯಲ್ಲಿ ನೆಂದು ಶಾಯಿ ಹರಡಿ ಏನೂ ಓದಲಾಗದ ಹಾಗಾಗಿತ್ತು.

ಚೀಟಿ ಒಣಗಿದ್ದರೂ ಅವನು ಪಾರಾಗುತ್ತಿರಲಿಲ್ಲ. ಜರ್ಮನಿಯಲ್ಲಿ ಅಪಘಾತದ ಜಾಗ ಬಿಟ್ಟು ಹೋಗೋದು ದಂಡ ಕಟ್ಟಿ ಮುಗಿಸುವ ಟ್ರಾಫಿಕ್ ತಪ್ಪಲ್ಲ, ಕ್ರಿಮಿನಲ್ ಅಪರಾಧ. ದಂಡ ಸಂಹಿತೆಯ 142ನೇ ಕಲಮು, ಶಿಕ್ಷೆ ಜುಲ್ಮಾನೆ ಅಥವಾ 3 ವರ್ಷದವರೆಗೆ ಜೈಲು. ಸಾಕಷ್ಟು ಹೊತ್ತು ಕಾಯಬೇಕು, ಯಾರೂ ಬರದಿದ್ದರೆ ತಡಮಾಡದೆ ತಿಳಿಸಬೇಕು. ಬರೀ ಚೀಟಿ ಸಾಲದು. ಇವನ ಕೇಸು ವಕೀಲರು, ಒಂದಷ್ಟು ಹಣ ಅಂತ ಕೊನೆಗೆ ಮುಚ್ಚಿತು. ಆದರೆ ವೀಸಾ ನವೀಕರಣ ಹತ್ತಿರ ಇತ್ತು, ಅಲ್ಲಿಯವರೆಗೆ ಆ ಹುಡುಗ ಸರಿಯಾಗಿ ನಿದ್ದೆ ಮಾಡಿದ್ದನ್ನು ಅವನ ಹೆಂಡತಿ ಕಂಡಿಲ್ಲ. ಚೀಟಿ ಇಟ್ಟು ಹೊರಡು ಅಂತ ಅವನಿಗೆ ಫೋನಿನಲ್ಲಿ ಹೇಳಿದ್ದು ನಮ್ಮವರೇ ಒಬ್ಬರು, ಇಲ್ಲಿ ಹಳಬರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಒಂದು ಗೀರು ಬಿದ್ದರೂ 110ಕ್ಕೆ ಫೋನ್ ಮಾಡಿ, ಪೊಲೀಸರು ಹೇಳುವವರೆಗೆ ಅಲ್ಲೇ ಇರಿ. ನಷ್ಟವನ್ನು ಇನ್ಶೂರೆನ್ಸ್ ಭರಿಸುತ್ತೆ. ಪೊಲೀಸರು ಬಂದು ಬರೆದುಕೊಂಡು ಹೋಗುತ್ತಾರೆ, ಬೈಯಲ್ಲ.

ಇಂಥ ಬಿಗಿ ನಿಯಮಗಳ ಮೇಲೆ ನನಗಿದ್ದ ಸಿಟ್ಟು ಇಳಿದದ್ದು ಎ8 ಹೆದ್ದಾರಿಯಲ್ಲಿ. ಲಿಯೋನ್‌ಬರ್ಗ್ ಹತ್ತಿರ ಮುಂದೆಲ್ಲೋ ಅಪಘಾತವಾಗಿ ವಾಹನಗಳು ತೆವಳತೊಡಗಿದವು. ಸೈರನ್ ಕೇಳಿಸುವ ಮೊದಲೇ ಎಡ ಲೇನಿನ ಗಾಡಿಗಳೆಲ್ಲ ಎಡಕ್ಕೆ ಸರಿದವು, ಉಳಿದ ಲೇನಿನವು ಬಲಕ್ಕೆ. ಲಾರಿಗಳು ಕೂಡ. ನಡುವೆ ತೆರೆದ ದಾರಿಯಲ್ಲಿ ಆಂಬುಲೆನ್ಸ್ ವೇಗ ತಗ್ಗಿಸದೆ ಹೋಯಿತು. ಹೀಗೆ ದಾರಿ ಬಿಡದವರಿಗೆ ಕನಿಷ್ಠ 200 ಯೂರೋ ದಂಡ, ಒಂದು ತಿಂಗಳು ಗಾಡಿ ಓಡಿಸುವಂತಿಲ್ಲ. ಬೆಂಗಳೂರಿನ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡ ಆಂಬುಲೆನ್ಸ್ ಒಳಗೆ ಚಿಕ್ಕಪ್ಪನ ಕೈ ಹಿಡಿದು ಕೂತಿದ್ದವಳು ನಾನು. ಆ 200 ಯೂರೋ ಜಾಸ್ತಿಯಾಯಿತು ಅಂತ ನನ್ನ ಬಾಯಲ್ಲಿ ಯಾವತ್ತೂ ಬರಲ್ಲ.

ಇನ್ನು ಲೈಸೆನ್ಸ್. ಇಲ್ಲಿ ವಾಸ ಶುರುವಾದಾಗಿನಿಂದ ನಮ್ಮ ಲೈಸೆನ್ಸ್ ನಡೆಯೋದು 6 ತಿಂಗಳು. ಸುಮ್ಮನೆ ಬದಲಾಯಿಸಿ ಕೊಡುವ ದೇಶಗಳ ಪಟ್ಟಿಯಲ್ಲಿ ಭಾರತ ಇಲ್ಲ, ಥಿಯರಿ ಮತ್ತು ಪ್ರಾಕ್ಟಿಕಲ್ ಎರಡೂ ಬರೆದು, ಓಡಿಸಿ ಪಾಸಾಗಬೇಕು. ಕಣ್ಣಿನ ಪರೀಕ್ಷೆ ಮತ್ತು ಪ್ರಥಮ ಚಿಕಿತ್ಸೆಯ ತರಬೇತಿಯ ಕಾಗದಗಳನ್ನು ಮೊದಲೇ ಮಾಡಿಸಿಟ್ಟುಕೊಳ್ಳಿ. "ವಾರಕ್ಕೊಂದು ಸಲ ಅಂಗಡಿಗೆ ಹೋಗೋಕೆ ಯಾರು ಹಿಡೀತಾರೆ" ಅಂತ 6 ತಿಂಗಳಾದ ಮೇಲೂ ಓಡಿಸುವವರನ್ನು ಕಂಡರೆ ನನಗೆ ಭಯವಾಗುತ್ತೆ. ಅದು ಲೈಸೆನ್ಸ್ ಇಲ್ಲದೆ ಓಡಿಸಿದ ಹಾಗೆಯೇ ಲೆಕ್ಕ, ಅದೂ ಕ್ರಿಮಿನಲ್ ಕೇಸು.

ಥಿಯರಿ ಇಂಗ್ಲಿಷಿನಲ್ಲೂ ಬರೆಯಬಹುದು, 30 ಪ್ರಶ್ನೆ. ಯಾರಿಗೆ ಮೊದಲು ದಾರಿ ಅನ್ನೋ ಪ್ರಶ್ನೆಗಳಿಗೆ 5 ಅಂಕ, ಅಂಥವು ಎರಡು ತಪ್ಪಿದರೆ ಫೇಲ್. ಪ್ರಾಕ್ಟಿಕಲ್‌ಗೆ ನನ್ನನ್ನು ತಯಾರು ಮಾಡಿದ ಫಾರ್‌ಶೂಲೆಯ, ಅಂದರೆ ಡ್ರೈವಿಂಗ್ ಸ್ಕೂಲಿನ, ಮೇಷ್ಟರು ಲೇನ್ ಬದಲಿಸುವಾಗಲೆಲ್ಲ ಭುಜದ ಮೇಲಿಂದ ಹಿಂದೆ ನೋಡಿಸುತ್ತಿದ್ದರು. "ಕನ್ನಡಿ ನೋಡಿದೆ ಅಂತ ನಿನಗೆ ಗೊತ್ತು. ನೀನು ತಿರುಗಿದ್ದು ಪರೀಕ್ಷಕರಿಗೂ ಕಾಣಬೇಕು, ಸೈಕಲ್‌ನವನಿಗೂ ಕಾಣಬೇಕು." ಒಳ್ಳೆಯ ಮೇಷ್ಟರಿಗೆ ಇಲ್ಲಿ ಕ್ಯೂ ಉದ್ದ ಇರುತ್ತೆ. ಮನೆ ಸಿಕ್ಕಿ, ವಿಳಾಸ ನೋಂದಣಿ ಆದ ವಾರವೇ ಹೋಗಿ ಹೆಸರು ಬರೆಸಿ.