ತಟ್ಟೆ ಸಾಲದೆ ಉಳಿದ ಜೀರಿಗೆ ಮೆಣಸು

14 ಜುಲೈ 2024, ಭಾನುವಾರ
ಶಿವಮೊಗ್ಗ

ಪುನರ್ವಸು ಮಳೆ ಬಿಡುವೇ ಕೊಡುತ್ತಿಲ್ಲ. ಒಗೆದ ಬಟ್ಟೆ ಮೂರು ದಿನದಿಂದ ಹಾಲ್‌ನಲ್ಲೇ ನೇತಾಡುತ್ತಿದೆ. ಬೆಳಿಗ್ಗೆ ಬಾಲ್ಕನಿ ಬಾಗಿಲು ತೆಗೆದರೆ ಕುಂಡದ ಬ್ಯಾಡಗಿ ಮೆಣಸಿನ ಗಿಡ ಎರಡೂ ಎಲೆ ಜೋಲು ಹಾಕಿಕೊಂಡು ನಿಂತಿದ್ದವು, ಬಿರುಬಿಸಿಲಿಗೆ ಬಾಡಿದ ಹಾಗೆ. ಈ ಮಳೆಯಲ್ಲಿ ಬಿಸಿಲೆಲ್ಲಿಂದ ಬರಬೇಕು? ಆದರೂ ಕೈ ಸುಮ್ಮನಿರಲಿಲ್ಲ. ಒಂದೊಂದು ಚೊಂಬು ನೀರು ಹಾಕಿಬಿಟ್ಟೆ.

ತೀರ್ಥಹಳ್ಳಿಯಿಂದ ಅಮ್ಮನ ಫೋನ್ ಬಂದಾಗ ಹೇಳಿದೆ. "ಮಳೆಗಾಲದಲ್ಲಿ ನೀರು ಹಾಕ್ತಾರೇನೇ ಮಾರಾಯ್ತಿ? ಮೊದಲು ಮಣ್ಣಿಗೆ ಬೆರಳು ಹಾಕಿ ನೋಡು" ಅಂದಳು. ಎರಡು ಗೆಣ್ಣು ಇಳಿಸಿದೆ. ಮಣ್ಣು ಗೊಜ್ಜಿನ ಹಾಗಿತ್ತು. ಹುಳಿ ವಾಸನೆ ಬೇರೆ. ಕುಂಡ ಬೋರಲು ಹಾಕಿದರೆ ಬೆಳ್ಳಗಿರಬೇಕಾದ ಬೇರು ಕಂದಾಗಿ, ಹಿಸುಕಿದರೆ ಸಿಪ್ಪೆ ಬಿಡುವಷ್ಟು ಮೆತ್ತಗಾಗಿತ್ತು.

ಕಾರಣ ತಟ್ಟೆ. ಹೋದ ತಿಂಗಳು ಕೆಳಗಿನ ಮನೆಯವರು ಬಂದು, ನಮ್ಮ ಕುಂಡದ ಕೆಂಪು ನೀರು ಅವರ ಬಟ್ಟೆ ಮೇಲೆ ತೊಟ್ಟಿಕ್ಕುತ್ತದೆ ಅಂದಿದ್ದರು. ಅವರ ತಪ್ಪೇನಿಲ್ಲ. ಅವತ್ತೇ ಕುಂಡಗಳ ಅಡಿಗೆ ತಟ್ಟೆ ತಂದಿಟ್ಟೆ. ಎರಚಲು ಬಡಿದು ತಟ್ಟೆ ತುಂಬಿತು, ಕುಂಡದ ತೂತು ನೀರಲ್ಲಿ ಮುಳುಗಿತು. ಬೇರಿಗೂ ಗಾಳಿ ಬೇಕಲ್ವಾ? ಉಸಿರು ಕಟ್ಟಿದ ಬೇರು ನೀರು ಎಳೆಯುವುದಿಲ್ಲ. ಸುತ್ತ ನೀರಿದ್ದೂ ಗಿಡ ಬಾಯಾರಿ ಬಾಡುತ್ತದೆ. ಸಾಲದ್ದಕ್ಕೆ, ಕುಂಡ ಹಗುರ ಇರಲಿ ಅಂತ ಅರ್ಧಕ್ಕರ್ಧ ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ, ತುಂಬಿದ್ದೆ. ಅದು ಹೀರಿದ ನೀರನ್ನು ಬೇಗ ಬಿಡುವುದೇ ಇಲ್ಲ.

ಈ ಗಿಡಗಳ ಮೇಲೆ ನನಗೆ ಸ್ವಲ್ಪ ಜಾಸ್ತಿಯೇ ಆಸೆ ಇತ್ತು. ಸಾರಿನ ಪುಡಿಗೆ ತಂದ ಒಣಮೆಣಸಿನಕಾಯಿಯ ಬೀಜದಿಂದ ಮಾರ್ಚ್‌ನಲ್ಲಿ ಮಾಡಿದ ಸಸಿಗಳು. ಮೇ ತಿಂಗಳಲ್ಲಿ ಮುಟುರು ರೋಗವೂ ಬಂದಿತ್ತು. ಎಲೆಯ ಅಂಚು ಮೇಲಕ್ಕೆ ಮಡಚಿತ್ತು, ಅಂದರೆ ರಸ ಹೀರುವ ಥ್ರಿಪ್ಸ್ ಹುಳ. ಕೆಳಕ್ಕೆ ಮಡಚಿದ್ದರೆ ಮೈಟ್ ನುಸಿ. ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ಎರಡು ಹನಿ ಸೋಪು ಹಾಕಿ ಸಂಜೆ ಹೊತ್ತು ಹೊಡೆದು ಉಳಿಸಿಕೊಂಡಿದ್ದೆ.

ಮೂಲೆಯಲ್ಲಿರುವ ಜೀರಿಗೆ ಮೆಣಸಿನ (ಪುಟ್ಟ ಖಾರದ ಮೆಣಸಿನಕಾಯಿ) ಗಿಡಕ್ಕೆ ಮಾತ್ರ ಏನೂ ಆಗಿಲ್ಲ. ಒಂಬತ್ತು ಕಾಯಿ, ಒಂದೊಂದೂ ಆಕಾಶಕ್ಕೆ ಮುಖ ಮಾಡಿವೆ. ಅದು ಅಮ್ಮನ ತೋಟದ್ದು, ಅಡಿಕೆ ಮರದ ಬುಡದಲ್ಲಿ ತಾನಾಗಿ ಹುಟ್ಟಿದ್ದು. ಅಲ್ಲಿ ಬಿತ್ತನೆ ಮಾಡುವುದು ಪಿಕಳಾರ. ಹಕ್ಕಿಗೆ ಮೆಣಸಿನ ಖಾರ ಗೊತ್ತಾಗುವುದಿಲ್ಲ, ಹಣ್ಣು ತಿಂದು ಬೀಜವನ್ನು ಹಿಕ್ಕೆಯಲ್ಲಿ ಹಾಕಿ ಹೋಗುತ್ತದೆ. ಮಲೆನಾಡಿನ ಮಳೆಯಲ್ಲಿ ಹುಟ್ಟಿದ ಗಿಡ, ಬಯಲುಸೀಮೆಯ ಬ್ಯಾಡಗಿಯ ಹಾಗಲ್ಲ ಅಂತ ಅಮ್ಮನ ಹತ್ತಿರ ಕೊಚ್ಚಿಕೊಂಡೆ. ನಿಜ ಅಂದರೆ ತಂದಿದ್ದು ಎರಡೇ ತಟ್ಟೆ. ಅದಕ್ಕೆ ಸಾಲಲಿಲ್ಲ. ಅದರ ಕುಂಡ ಕಿಟಕಿ ಮೂಲೆಯ ಎರಡು ಇಟ್ಟಿಗೆ ಮೇಲಿತ್ತು, ಬುಡದಲ್ಲಿ ನೀರು ನಿಲ್ಲಲಿಲ್ಲ ಅಷ್ಟೇ.

ಒಂದು ಬ್ಯಾಡಗಿ ಪೂರ್ತಿ ಹೋಗಿತ್ತು, ಎಸೆದೆ. ಇನ್ನೊಂದರ ಕೊಳೆತ ಬೇರು ಕತ್ತರಿಸಿ, ಅರ್ಧ ಎಲೆ ಚಿವುಟಿ, ಕೆಂಪು ಮಣ್ಣು, ಹಳೇ ಕೊಟ್ಟಿಗೆ ಗೊಬ್ಬರಕ್ಕೆ ಪಕ್ಕದ ಸೈಟಿನಲ್ಲಿ ಕೇಳಿ ತಂದ ಮರಳು ಬೆರೆಸಿ ನೆಟ್ಟೆ. ತಟ್ಟೆಯನ್ನು ತೆಗೆಯುವ ಹಾಗಿಲ್ಲ, ಕೆಳಗಿನವರಿಗೆ ಮಾತು ಕೊಟ್ಟಾಗಿದೆ. ತಟ್ಟೆಯೊಳಗೆ ಹೆಂಚಿನ ಚೂರು ಜೋಡಿಸಿ ಅದರ ಮೇಲೆ ಕುಂಡ ಕೂರಿಸಿದ್ದೇನೆ.

ಇದನ್ನು ಬರೆಯುವಷ್ಟರಲ್ಲಿ ಮತ್ತೆ ಎರಚಲು. ತಟ್ಟೆ ತುಂಬಿರುತ್ತದೆ, ಚೆಲ್ಲಿ ಬರುತ್ತೇನೆ.