ಜೈಲಿನ ಗೇಟಿನ ಮುಂದೆ ನಿಂತ ತಾಯಿ

ಯಾರದೋ ಮಗ ಕೊಲೆ ಕೇಸಿನಲ್ಲಿ ಸಿಕ್ಕಿಬಿದ್ದ ಅಂದ ಕೂಡಲೇ ನಮ್ಮ ಬಾಯಲ್ಲಿ ಬರುವ ಮಾತು ಒಂದೇ. 'ಆ ತಾಯಿ ಇನ್ನೂ ಅವನ ಪರ ನಿಂತಿದ್ದಾಳಲ್ಲ, ನಾಚಿಕೆ ಆಗಲ್ವಾ?' ನಾನೂ ಹಾಗೇ ಅಂದಿದ್ದೇನೆ. ಈಗ ಅಷ್ಟು ಸುಲಭವಾಗಿ ಬಾಯಿ ಬರುವುದಿಲ್ಲ.

ನಮಗೆ ಕಾಣುವುದು ಪೇಪರಿನ ಫೋಟೋ. ಅವಳಿಗೆ ಕಾಣುವುದು ಜ್ವರದಲ್ಲಿ ತನ್ನ ಬೆರಳು ಬಿಡದೆ ಮಲಗಿದ್ದ ಮಗು. ಅವನೇ ಮಾಡಿದ್ದು ಅಂತ ಒಪ್ಪಿದರೆ ತಾನು ಸಾಕಿ ಬೆಳೆಸಿದ್ದೆಲ್ಲ ಸುಳ್ಳಾಯಿತಾ ಅನ್ನುವ ಭಯ ಬೇರೆ.

ಅಮೆರಿಕದ ಡೇವಿಡ್ ಕಾಜಿನ್‌ಸ್ಕಿ ನೆನಪಾಗುತ್ತಾರೆ. ಬಾಂಬ್ ಕಳಿಸಿ 3 ಜನರನ್ನು ಕೊಂದು, ಯಾರೆಂದು ಗೊತ್ತಾಗದೆ ಉಳಿದಿದ್ದವನ ಉದ್ದದ ಬರಹ 1995ರಲ್ಲಿ ಪತ್ರಿಕೆಯಲ್ಲಿ ಬಂತು. ಅನುಮಾನ ಮೊದಲು ಬಂದದ್ದು ಡೇವಿಡ್ ಹೆಂಡತಿಗೆ. ಡೇವಿಡ್ ಅವರ ಅಣ್ಣ ಬರೆದಿದ್ದ ಹಳೇ ಕಾಗದಗಳನ್ನು ತೆಗೆದು ನೋಡಿದರೆ ಅದೇ ಧಾಟಿ. ಕೊನೆಗೆ ಡೇವಿಡ್ ಅವರೇ ಅಲ್ಲಿನ ತನಿಖಾ ಸಂಸ್ಥೆ ಎಫ್‌ಬಿಐಗೆ ತಿಳಿಸಿದರು. 1996ರಲ್ಲಿ ಅಣ್ಣ ಸಿಕ್ಕಿಬಿದ್ದ. ಆಮೇಲೆ ಅದೇ ತಮ್ಮ ಅಣ್ಣನಿಗೆ ಮರಣದಂಡನೆ ಆಗಬಾರದು ಅಂತ ಹೋರಾಡಿದರು. ಜೈಲಿಗೆ ಕಾಗದ ಬರೆದರು. ಅಣ್ಣ ಉತ್ತರ ಕೊಡಲಿಲ್ಲ. ಹಿಡಿದುಕೊಟ್ಟದ್ದೂ ಪ್ರೀತಿಯೇ, ಉಳಿಸಿಕೊಂಡದ್ದೂ ಪ್ರೀತಿಯೇ, ಅಲ್ವಾ?

ಜೊತೆಗೆ ನಿಲ್ಲುವುದು ಬೇರೆ, ಮುಚ್ಚಿಡುವುದು ಬೇರೆ. ಸಾಕ್ಷಿಗಳನ್ನು ಹೆದರಿಸುವವರನ್ನು, ಸತ್ತವರ ಮನೆಯವರನ್ನೇ ಬೈಯುವವರನ್ನು ನಾನು ಒಪ್ಪಲಾರೆ. ಸತ್ತವರ ಮನೆಯವರ ನೋವಿನ ಮುಂದೆ ಬೇರೆ ಯಾವುದೂ ದೊಡ್ಡದಲ್ಲ.

ಆದರೆ ಒಗೆದ ಅಂಗಿ ಮಡಚಿ ಹಿಡಿದು ಜೈಲಿನ ಗೇಟಿನ ಮುಂದೆ ಕಾಯುವ ತಾಯಿಗೆ ಏನು ಹೇಳಲಿ? ಅವಳು ಯಾವ ವಾದವನ್ನೂ ಮಾಡುತ್ತಿಲ್ಲ. ಅವನಿಗೆ ಚಳಿ ಆದೀತು ಅಂತ ಅಂಗಿ ತಂದಿದ್ದಾಳೆ, ಅಷ್ಟೇ.