ಮುರುಡೇಶ್ವರದ ಫೋಟೋ ಕೆಲಸ ಎಲ್ಲಿಗೆ ಬಂತು

ಹುಬ್ಬಳ್ಳಿ-ಧಾರವಾಡದ ಮನೆಗಳ ಹಳೇ ಆಲ್ಬಮ್ ಇಟ್ಟುಕೊಂಡು ಮುರುಡೇಶ್ವರ ಬೆಳೆದ ಕಥೆ ಜೋಡಿಸುವ ಕೆಲಸ ಒಂದು ಹದಕ್ಕೆ ಬಂದಿದೆ. ಸ್ಕ್ಯಾನ್ ಮಾಡಿದ್ದೆಲ್ಲ ಈಗ ಮೂರು ಫೋಲ್ಡರ್‌ನಲ್ಲಿದೆ. ಯಾರು ನಿಂತಿದ್ದಾರೆ ಅಂತ ನೋಡುವುದಿಲ್ಲ, ಅವರ ಹಿಂದೆ ಏನಿದೆ ಅಂತ ನೋಡುತ್ತೇನೆ.

ಪೂರ್ತಿ ಆದ ಗೋಪುರ ಕಂಡರೆ ಫೋಟೋ ಹೆಚ್ಚುಕಡಿಮೆ 2008ರ ನಂತರದ್ದು. 20 ಅಂತಸ್ತು, ಸುಮಾರು 237 ಅಡಿ, ಕಾಣದೇ ಇರುತ್ತಾ? 123 ಅಡಿಯ ಶಿವ ಇದ್ದು ಗೋಪುರ ಇಲ್ಲದಿದ್ದರೆ ಅದಕ್ಕೂ ಹಿಂದಿನದು. ಎರಡೂ ಇಲ್ಲದೆ ಗುಡಿ ಇರುವ ಗುಡ್ಡ ಕಂದುಕಗಿರಿ ಬೋಳಾಗಿ ಕಾಣುವ ಫೋಟೋ ಸಿಕ್ಕರೆ ಆ ದಿನ ನನಗೆ ಹಬ್ಬ. ಮೂಲೆಯಲ್ಲಿ ಕೆಂಪಗೆ ಬಿದ್ದಿರುವ ತಾರೀಖನ್ನು ಮಾತ್ರ ನಾನು ನಂಬುವುದಿಲ್ಲ, ಎಷ್ಟೋ ಕ್ಯಾಮೆರಾದಲ್ಲಿ ಅದನ್ನು ಯಾರೂ ಸೆಟ್ ಮಾಡಿಯೇ ಇರಲಿಲ್ಲ.

"ಆವಾಗ ಗುಡಿ, ದಂಡಿ, ದೋಣಿ, ಇಷ್ಟ ಇತ್ತು ನೋಡ್ ತಮ್ಮಾ. ಬುತ್ತಿ ಕಟ್ಟಿಕೊಂಡ ಹೋಗತಿದ್ವಿ" ಅಂದರು ಪಕ್ಕದ ಮನೆ ಕಾಕು. ಅವರ ಫೋಟೋದಲ್ಲೂ ಅಷ್ಟೇ ಇದೆ, ಜೊತೆಗೆ ಮರಳ ಮೇಲೆ ಬಿಚ್ಚಿಟ್ಟ ರೊಟ್ಟಿ ಗಂಟು.

ಈ ಬದಲಾವಣೆಯ ಹಿಂದೆ ನಮ್ಮ ಹುಬ್ಬಳ್ಳಿಯ ನಂಟೂ ಇದೆ. ಮುರುಡೇಶ್ವರದಲ್ಲೇ 1928ರಲ್ಲಿ ಹುಟ್ಟಿದ ಆರ್.ಎನ್. ಶೆಟ್ಟಿ 1961ರಲ್ಲಿ ಶಿರಸಿಯಲ್ಲಿ ಗುತ್ತಿಗೆ ಕಂಪನಿ ಶುರು ಮಾಡಿದರು, ಆಮೇಲೆ ನಮ್ಮ ಉಣಕಲ್ ಕೆರೆ ಹತ್ತಿರ ನವೀನ್ ಹೋಟೆಲ್ ಕಟ್ಟಿದರು. ಶಿವನ ಮೂರ್ತಿ, ಗೋಪುರ, ಅಲ್ಲಿನ ವಸತಿಗೃಹ ಎಲ್ಲದರ ಹಿಂದೆ ಅವರೇ ಇದ್ದರು. ಕೊಂಕಣ ರೈಲು ಮಾರ್ಗ 1998ರಲ್ಲಿ ಪೂರ್ತಿಯಾಗಿ ಮುಂಬೈ, ಮಂಗಳೂರಿನ ಜನರಿಗೆ ದಾರಿ ಸುಲಭವಾಯಿತು, ನಿಜ. ಆದರೆ ಆ ರೈಲು ಇಳಿದವರು ಬೇರೆ ಕಡೆ ಹೋಗದೆ ಮುರುಡೇಶ್ವರದಲ್ಲೇ ಉಳಿಯುವಂತೆ ಮಾಡಿದ್ದು ಆ ಮೂರ್ತಿನೇ ಅಂತ ನನ್ನ ಲೆಕ್ಕ. ನಾವು ಈಗಲೂ ಯಲ್ಲಾಪುರ, ಅರಬೈಲ್ ಘಾಟ್, ಅಂಕೋಲಾ ಅಂತ ಬಸ್ಸಿನಲ್ಲೇ ಹೋಗಬೇಕು. ಇನ್ನೂ ಆಗದ ಹುಬ್ಬಳ್ಳಿ-ಅಂಕೋಲಾ ರೈಲಿನ ಮಾತು ಇಲ್ಲಿ ಬೇಡ ಬಿಡಿ.

ದಂಡೆಯ ಕಥೆಯೂ ಫೋಟೋದಲ್ಲೇ ಸಿಗುತ್ತದೆ. ಹಳೆಯವುಗಳಲ್ಲಿ ಮರದ ದೋಣಿ, ಒಣಗಲು ಹಾಕಿದ ಬಲೆ. ಈಚಿನವುಗಳಲ್ಲಿ ವಾಟರ್ ಸ್ಕೂಟರ್, ಲೈಫ್ ಜಾಕೆಟ್, ನೇತ್ರಾಣಿ ದ್ವೀಪಕ್ಕೆ ಸ್ಕೂಬಾ ಡೈವಿಂಗ್ ಬೋರ್ಡು. ಮೀನುಗಾರರ ದೋಣಿ ಈಗಲೂ ಇವೆ, ಫ್ರೇಮಿನ ಅಂಚಿಗೆ ಸರಿದಿವೆ ಅಷ್ಟೇ.

ಒಂದು ದೊಡ್ಡ ಕೊರತೆ ಉಳಿದಿದೆ. ಎಲ್ಲರೂ ಗುಡ್ಡ ಇಲ್ಲವೇ ಸಮುದ್ರ ಬರುವ ಹಾಗೆ ನಿಂತಿದ್ದಾರೆ, ಪೇಟೆ ಬೀದಿ ಯಾರ ಫೋಟೋದಲ್ಲೂ ಇಲ್ಲ. ನಿಮ್ಮ ಮನೆಯಲ್ಲಿ ಅಂಥದ್ದು ಇದ್ದರೆ ತಿಳಿಸಿ, ಮಸುಕಾಗಿದ್ದರೂ ಅಡ್ಡಿಯಿಲ್ಲ. ನಾನೇ ಬಂದು ಸ್ಕ್ಯಾನ್ ಮಾಡಿಕೊಳ್ಳುತ್ತೇನೆ.